ಮಳೆ ನಿಂತ ಮೇಲೆ, ಹಿಮದ ಊರಿಗೆ

ಜುರೆಮಕ್ಕಾ,

ವರಾಂಡದ ತೂಗುಮಂಚದಲ್ಲಿ ನಿನ್ನ ಕೆಂಪು ಕೋಟು ಮಲಗಿದೆ. ಅದರ ಒಂದು ತೋಳು ಇಳಿಬಿದ್ದು, ನೆಲದ ಬೆಳಕನ್ನು ಮುಟ್ಟಿಯೂ ಮುಟ್ಟದಂತಿದೆ. ನಮ್ಮೂರು ಬೆಲೇಂನ ಈ ಸೆಕೆಯಲ್ಲಿ ಅದು ಯಾರದೋ ಕನಸಿನಿಂದ ಜಾರಿ ಬಿದ್ದಂತೆ ಕಾಣುತ್ತದೆ.

ನಾವು ಹಿಮ ನೋಡಲು ಹೊರಟಿರುವ ಬರಿಲೋಚೆಯಲ್ಲಿ ಈಗ ನಡುಚಳಿಗಾಲ. ಹಗಲು ನಮ್ಮ ಫ್ರಿಜ್ಜಿನಷ್ಟು ತಂಪು. ಇರುಳು ನೀರು ಕಲ್ಲಾಗುತ್ತದೆ. ಸರೋವರದ ಗಾಳಿ ಕಿವಿಯನ್ನು ಹುಡುಕಿಕೊಂಡು ಬರುತ್ತದಂತೆ, ಉಣ್ಣೆಯ ಟೋಪಿ ಮರೆಯಬೇಡ. ಕೊಡೆ ಬೇಡ. ನಮ್ಮ ಮಳೆಯಂತೆ ಮಧ್ಯಾಹ್ನ ಬಂದು, ಸುರಿದು, ಹೊರಟುಹೋಗುವ ಶಿಸ್ತು ಹಿಮಕ್ಕಿಲ್ಲ. ಅದು ಸದ್ದಿಲ್ಲದೆ, ಹೊತ್ತಿಲ್ಲದೆ ಇಳಿಯುತ್ತದೆ.

"ಈ ವಯಸ್ಸಲ್ಲಿ ಐಸ್ ನೋಡ್ಬೇಕೇನೋ? ಫ್ರಿಜ್ ಬಾಗ್ಲು ತೆಗ್ದು ನೋಡ್ಕೊ, ಮಂಕೆ!" ಎಂದು ನಿನ್ನೆ ನೀನು ನನಗೆ ಬೈದೆ. ಬೈದ ಮೇಲೆ ಕೋಟಿನ ಗುಂಡಿ ಹೊಲಿದವರು ಯಾರು?

ಬೆಕ್ಕನ್ನು ನೆರೆಯ ಲಿಂದಾಲ್ವಳ ಮನೆಯಲ್ಲಿ ಬಿಟ್ಟು ಹಾಗೆಯೇ ವಿಮಾನ ನಿಲ್ದಾಣಕ್ಕೆ ಹೋಗುತ್ತೇನೆ. ಮೀನು ಹುರಿದಿಟ್ಟಿದ್ದೇನೆ, ಅಸಾಯಿ ಹಣ್ಣಿನ ರಸದ ಜೊತೆ ಉಣ್ಣು. ನಿನ್ನನ್ನು ಕರೆತರಲು ಟ್ಯಾಕ್ಸಿಯ ರೈಮುಂಡೊಗೆ ಮಳೆ ನಿಂತ ಮೇಲೆ ಬಾ ಎಂದಿದ್ದೇನೆ. ನೀನು ಬಾರದಿದ್ದರೆ ನಾನೂ ವಿಮಾನ ಹತ್ತುವುದಿಲ್ಲ. ಹಿಮವನ್ನು ಒಬ್ಬನೇ ನೋಡಿ ಯಾರಿಗೆ ತೋರಿಸಲಿ?

ನೀನು ನಿದ್ದೆ ಹೋದಂತೆ ನಟಿಸುತ್ತಿರುವುದು ನನಗೆ ಗೊತ್ತು. ಆದ್ದರಿಂದ ಬಾಗಿಲನ್ನು ನಿನಗೆ ಕೇಳಿಸುವಂತೆಯೇ ಎಳೆದುಕೊಂಡು ಹೊರಡುತ್ತಿದ್ದೇನೆ.

ಒಲಾವೊ