ಗೋಡೆಯ ಕೆಳಗಿನ ಕಪ್ಪು ಪಟ್ಟಿ

ನನ್ನ ಮುನೀರಣ್ಣಾ,

ನೀನು ಮೊದಲ ಸಲ ಕೈಗೆ ಕುಂಚ ಕೊಟ್ಟಾಗ ನಾನು ಗೋಡೆ ತುಂಬ ಕ್ರಾಂತಿ ಬರೆಯಲು ಹೊರಟಿದ್ದೆ. "ಇಷ್ಟುದ್ದ ಯಾರು ಓದ್ತಾರೆ ಮಾರಾಯ್ತಿ? ಶಿವಮೊಗ್ಗ ಬಸ್ಸು ನಿಂಗೋಸ್ಕರ ನಿಲ್ಲುತ್ತಾ?" ಎಂದು ನಕ್ಕಿದ್ದೆ ನೀನು. ಹೋರಾಟದ ಘೋಷಣೆ ಬರೆಯುವುದನ್ನು ನಾನು ಕಲಿತದ್ದು ಸೋಪಿನ ಜಾಹೀರಾತು ಬರೆಯುತ್ತಿದ್ದ ನಿನ್ನಿಂದ.

ಭದ್ರಾವತಿಯ ಸೆಲ್ವಿಯಮ್ಮನ ಮನೆಯ ರಸ್ತೆಬದಿ ಗೋಡೆ ನೆನಪಿದೆಯಾ? ಯಾವ ಕಂಪನಿಯ ಜಾಹೀರಾತು ಬರೆದರೂ ನೀನು ಕೆಳಗೆ ಒಂದು ಮೊಳ ಕಪ್ಪು ಬಳಿದು ಖಾಲಿ ಬಿಡುತ್ತಿದ್ದೆ. ಅದು ಬೀದಿಯವರ ಪಾಲು. ನೀರು ಬರದ ದಿನ, ಸಂಘದ ಸಭೆ, ಕಳೆದ ಮೇಕೆ, ಸತ್ತವರ ಹೆಸರು, ಎಲ್ಲ ಅಲ್ಲಿ ಸೀಮೆಸುಣ್ಣದಲ್ಲಿ. ಕಂಪನಿಯವನು ರೇಗಿದರೆ, "ಮೇಲಿಂದು ನಿಮ್ದು ಸಾಬ್, ಕೆಳಗಿಂದು ಬೀದೀದು" ಎಂದು ಬೀಡಿ ಹಚ್ಚುತ್ತಿದ್ದೆ.

ನಿನ್ನ ಕಣ್ಣು ಮಂಜಾದ ಮೇಲೆ ಅದೇ ಗೋಡೆಗೆ ಫ್ಲೆಕ್ಸ್ ಬಂತು. ಸಸಿ ಹಿಡಿದ ಮಗು, 'ನಮ್ಮ ಊರು, ನಮ್ಮ ಹೊಣೆ', ಪಕ್ಕದಲ್ಲಿ ಕಂಪನಿಯ ಲೋಗೋ. ಸಿಎಸ್‌ಆರ್ ಅಂತೆ, ಸಾಮಾಜಿಕ ಹೊಣೆಗಾರಿಕೆ! ಒಂದು ಸಸಿಯನ್ನಾದರೂ ನೆಟ್ಟರಾ? ಆ ಹೊಣೆ ಕಪ್ಪು ಪಟ್ಟಿಯನ್ನೂ ನುಂಗಿ ನೆಲ ಮುಟ್ಟಿತು. "ಕೆಳಗೆ ಜಾಗ ಯಾವಾಗ್ಲೂ ಬಿಡ್ತಾರಲ್ಲ ಅಂತ ನಾನು ಕೇಳ್ಲೇ ಇಲ್ಲಮ್ಮಾ" ಎಂದು ಸೆಲ್ವಿಯಮ್ಮ ಇಂದಿಗೂ ಹಣೆ ಚಚ್ಚಿಕೊಳ್ಳುತ್ತಾಳೆ.

ನೀನು ಹೋದ ದಿನ, ಸುದ್ದಿಯೇ ತಿಳಿಯದೆ, ನಾನು ಕಿತ್ತಳೆ ಹಿಡಿದು ಶಿವಮೊಗ್ಗದ ವಿದ್ಯಾನಗರದಿಂದ ನಿನ್ನನ್ನು ನೋಡಲು ಬರುತ್ತಿದ್ದೆ. ಬಸ್ಸು ಆ ಗೋಡೆಯ ಮುಂದೆಯೇ ಹಾದು ಬಂತು. ಫ್ಲೆಕ್ಸಿನ ಮಗು ನಗುತ್ತಿತ್ತು. ನಾನು ತಲುಪುವಷ್ಟರಲ್ಲಿ ಮಣ್ಣು ಮುಗಿದಿತ್ತು. ಬೀದಿಯ ಸಾವುಗಳನ್ನೆಲ್ಲ ಊರಿಗೆ ತಿಳಿಸಿದ ಗೋಡೆ ನಿನ್ನದನ್ನು ಮಾತ್ರ...

ಹೋದ ವಾರ ಜಾಹೀರಾತು ಏಜೆನ್ಸಿಯ ಹುಡುಗಿ ಸೆಲ್ವಿಯಮ್ಮನ ಜಗಲಿಗೆ ಬಂದಳು. ನಾನೂ ಅಲ್ಲಿದ್ದೆ. "ಮೇಡಂ, ಈ ವರ್ಷದ ಸಿಎಸ್‌ಆರ್‌ಗೆ ಹಳೇ ಕಲಾವಿದರಿಗೆ ಗೌರವ ಅಂತ ಥೀಮ್. ಮುನೀರ್ ಸಾಹೇಬ್ರ ಮುಖ ದೊಡ್ಡದಾಗಿ ಬರ್ಸ್ತೀವಿ. ಒಂದು ಫೋಟೋ ಕೊಡ್ತೀರಾ?"

"ಅವನ ಮುಖ ಬೇಡ, ಅವನು ಬಿಟ್ಟ ಜಾಗ ಬಿಡಿ" ಎಂದೆ.

"ಅಲ್ಲಿ ಲೋಗೋ ಬರುತ್ತಲ್ಲ ಮೇಡಂ..."

ಸೆಲ್ವಿಯಮ್ಮ ಎದ್ದು ನಿಂತಳು. "ಕೆಳಗಿಂದು ಬೀದೀದು ಕಣಮ್ಮಾ. ಆಗಲ್ಲಾಂದ್ರೆ ಬೇರೆ ಗೋಡೆ ನೋಡ್ಕೋ. ಹೋಗೋವಾಗ ಈ ಮಗೂನೂ ಕರ್ಕೊಂಡು ಹೋಗು!"

ಹೊಣೆ ಹೊತ್ತವರು ತಿರುಗಿ ಬರಲಿಲ್ಲ. ನಿನ್ನೆ ನಾವೇ ಫ್ಲೆಕ್ಸ್ ಬಿಚ್ಚಿದೆವು. ನೀನು ಮಾಡುತ್ತಿದ್ದ ಹಾಗೆ ನೀಲಿ ಪುಡಿಯಲ್ಲಿ ಅದ್ದಿದ ದಾರವನ್ನು ಗೋಡೆಗೆ ಬಿಗಿಯಾಗಿ ಎಳೆದು ಮೀಟಿ ಗೆರೆ ಹಾಕಿದೆ. ಸೊಟ್ಟಗಾಯಿತು, ಬೇಕಾದರೆ ನಗು ನೀನು. ಕಪ್ಪು ಬಳಿದು, ಒಣಗಿದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ: 'ಮುನೀರಣ್ಣ ತೀರಿಕೊಂಡರು.' ಇಷ್ಟೇ. ಉದ್ದ ಮಾಡಲಿಲ್ಲ.

ಶಿವಮೊಗ್ಗ ಬಸ್ಸು ಬಂತು. ಕಿಟಕಿಯಿಂದ ಒಬ್ಬ ಮುದುಕ ತಲೆ ಹೊರಹಾಕಿ ಕೂಗಿದ: "ಅಯ್ಯೋ, ನಮ್ಮ ಮುನೀರನಾ? ಯಾವಾಗಮ್ಮಾ?"

ಬಸ್ಸು ನಿಲ್ಲಲಿಲ್ಲ, ಮುನೀರಣ್ಣಾ. ಆದರೆ ಅವನು ಓದಿದ.