ಮೂಗಿನ ಕೆಳಗಿನ ವಿಡಿಯೊ

ಹಲ್ಲು ಕಟ್ಟುವ ಕೋಣೆಯಿಂದ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ಅಕ್ಕನ ಮನೆಯ ಮೆಟ್ಟಿಲು ಹತ್ತುವಾಗ ಅವಸರ ಮಾಡಬೇಡ. ಅವಸರ ನಿನ್ನ ಹುಟ್ಟುಗುಣ. ನಾವೆಲ್ಲ ಕ್ಷೇಮ ಎಂದು ಬರೆಯಲು ಕುಳಿತೆ, ಕೈ ಬರಲಿಲ್ಲ. ನೀನು ಅಲ್ಲಿಯೂ ಬಾಗಿಲು ಹಾಕಿಕೊಂಡು ಗೋಡೆಯ ಕಡೆ ತಿರುಗಿ ಊಟ ಮಾಡುತ್ತೀಯಂತೆ, ನಗು ಬಂದರೆ ಕೈ ಅಡ್ಡ ಹಿಡಿಯುತ್ತೀಯಂತೆ. ಅಕ್ಕ ಫೋನಿನಲ್ಲಿ ಹೇಳಿದಳು.

"ಮುದುಕಿ ಬಾಯಲ್ಲಿ ನೋಡೋಕೆ ಏನಿದೆಯೋ?" ಎಂದು ಅಕ್ಕನ ಮನೆಗೆ ಹೊರಡುವ ದಿನ ನೀನು ಕೇಳಿದಾಗ ನಾನು ನಿನ್ನ ಚೀಲ ಎತ್ತಿಕೊಂಡು ಬಾಗಿಲಿಗೆ ನಡೆದೆ. ಹಲ್ಲಿನ ಸೆಟ್ ಕಟ್ಟುವವನಿಗೆ ಜನರ ಮುಖಕ್ಕಿಂತ ಬಾಯಿಯ ಪರಿಚಯವೇ ಹೆಚ್ಚು. ಹೊಸ ಸೆಟ್ ಕೂರಿಸಿದ ಮೇಲೆ ಸೇಬಿನ ಹೋಳು ಕೊಟ್ಟು, ಅಗಿಯುವುದನ್ನು ಮೂಗಿನ ಕೆಳಗಷ್ಟೇ ವಿಡಿಯೊ ಮಾಡಿ, ಎಲ್ಲಿ ತಾಗುತ್ತದೆ, ಎಲ್ಲಿ ಜಾರುತ್ತದೆ ಎಂದು ನಿಧಾನವಾಗಿ ಓಡಿಸಿ ನೋಡುತ್ತೇನೆ. ಅಂಥ ಮೂವತ್ತು ಬಾಯಿಗಳನ್ನು ಸಾಲಾಗಿ ಜೋಡಿಸಿ, ಕರುಂಕುರುಂ ಸದ್ದು ಜೋರು ಮಾಡಿ, ಯಾರನ್ನೂ ಕೇಳದೆ ಇಂಟರ್ನೆಟ್ಟಿನಲ್ಲಿ ಲೋಕಕ್ಕೆಲ್ಲ ಕಾಣುವಂತೆ ಹಾಕಿದೆ. ಮೂಗಿನ ಕೆಳಗೆ ಯಾರ ಗುರುತು ಸಿಗುತ್ತದೆ ಎಂದುಕೊಂಡಿದ್ದೆ. ಅದರಲ್ಲಿದ್ದ ನಿನ್ನ ಗಲ್ಲದ ಮಚ್ಚೆಯನ್ನು ತರಕಾರಿಯವಳೂ ಗುರುತು ಹಿಡಿದಳು.

ಈಗ ಯೋಚಿಸಿದರೆ ನಿನ್ನ ಪ್ರಶ್ನೆಗೆ ಉತ್ತರ ಹೊಳೆಯುತ್ತದೆ ಅಮ್ಮಾ. ಬಸ್ಸಿನಲ್ಲಿ ಎದುರಿನವರು ತಿನ್ನುವುದನ್ನು ದಿಟ್ಟಿಸಿದರೆ ಅವರು ತಲೆಯೆತ್ತುತ್ತಾರೆ, ನಾವು ಕಿಟಕಿಯತ್ತ ತಿರುಗುತ್ತೇವೆ. ಬರೀ ಬಾಯಿ ಇದ್ದರೆ ತಿರುಗಿ ನೋಡುವ ಕಣ್ಣಿಲ್ಲ, ನೋಡುವವನಿಗೆ ನಾಚಿಕೆಯಿಲ್ಲ. ಸದ್ದು ಕಿವಿಗೆ ಹಿತ, ಮೂರು ಸೆಕೆಂಡಿಗೊಂದು ಹೊಸ ಬಾಯಿ, ಬೇಸರಪಡಲು ಪುರುಸೊತ್ತೇ ಇಲ್ಲ. ನಾಲ್ಕು ಲಕ್ಷ ಜನ ನೋಡಿದರು, ನಾನು ಉಬ್ಬಿಹೋದೆ. ಯಾರೋ ನಿನ್ನ ಬಾಯಿಯೊಂದನ್ನೇ ಬೇರೆ ಮಾಡಿ ಗೊಳ್ಳೆಂದು ನಗುವ ಸದ್ದು ಸೇರಿಸಿದಾಗಲೂ, ಅದನ್ನು ಎಷ್ಟು ಜನ ನೋಡಿದರು ಎಂಬುದೇ ಮೊದಲು ಕಣ್ಣಿಗೆ ಬಿತ್ತು. ನಿನ್ನ ನೆನಪು ಆಮೇಲೆ ಬಂತು. ಬರೆಯಲೂ ನಾಚಿಕೆಯಾಗುತ್ತದೆ.

ನನ್ನದನ್ನು ಅಳಿಸಿದ್ದೇನೆ. ಕಂಡವರು ಇಳಿಸಿಕೊಂಡದ್ದು ಇನ್ನೂ ಓಡುತ್ತಿದೆ, ಅದು ನನ್ನ ಕೈಮೀರಿದ್ದು. ಉಳಿದ ಇಪ್ಪತ್ತೊಂಬತ್ತು ಜನರನ್ನೂ ಒಬ್ಬೊಬ್ಬರಾಗಿ ಕರೆದು ತಪ್ಪು ಒಪ್ಪಿಕೊಳ್ಳುತ್ತಿದ್ದೇನೆ. ಅವರಲ್ಲಿ ನಿವೃತ್ತ ಅಂಚೆಯಣ್ಣ ಸೆಟ್ ಬಾಯಿಂದ ತೆಗೆದು ನನ್ನ ಮೇಜಿನ ಮೇಲಿಟ್ಟು ಹೊರಟುಹೋದರು. ನಿನ್ನ ಸೊಸೆ ನನ್ನೊಡನೆ ಮಾತು ಕಡಿಮೆ ಮಾಡಿದ್ದಾಳೆ, ಅತ್ತೆ ಯಾವಾಗ ಬರುತ್ತಾರೆ ಎಂದಷ್ಟೇ ಕೇಳುತ್ತಾಳೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಬೇಡ, ಅಕ್ಕನ ಎದುರಿಗಾದರೂ ಕೂತು ಊಟ ಮಾಡು. ಅಕ್ಕ ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು.

ಇಂತಿ,
ತಲೆಯೆತ್ತಲಾರದ ನಿನ್ನ ಚಿಕ್ಕವನು

ತಾ.ಕ.: ಅಂಚೆಯ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ನಿನ್ನ ಸೆಟ್ ಮೊದಲ ಹೋಳಿಗೇ ಸರಿಯಾಗಿ ಕೂತಿತ್ತು. ಇನ್ನೊಂದು ಸಲ, ಇನ್ನೂ ಸ್ವಲ್ಪ ಬಾಯಿ ತೆರೆದು ಎಂದು ಹನ್ನೊಂದು ಹೋಳು ತಿನ್ನಿಸಿದ್ದು ಹಲ್ಲಿಗಾಗಿ ಅಲ್ಲ, ವಿಡಿಯೊಗಾಗಿ. ವಸಡು ಕೆಂಪಾಗಿದ್ದರೂ ನೀನು ತಿಂದೆ. ಕೊನೆಯಲ್ಲಿ "ನಿನ್ನ ಕೆಲಸಕ್ಕೆ ಇಷ್ಟು ಸಾಕೇನಪ್ಪಾ?" ಎಂದು ನೀನು ಕೇಳಿದ್ದೆ. ಹಾಕುವ ಮುಂಚೆ ಆ ಮಾತನ್ನು ವಿಡಿಯೊದಿಂದ ಕತ್ತರಿಸಿದೆ.