ಎಲ್ಲಿ ನಗಬಾರದೆಂದು ಯಾರು ಕಲಿಸಬೇಕು?

ಪದವೀಧರರ ತರಬೇತಿ ಕೇಂದ್ರದ ಮಾನ್ಯ ನಿರ್ದೇಶಕರೇ,

ನನ್ನ ಮಗಳಿಗೆ ನಗುವುದನ್ನು ಕಲಿಸಿದಿರಿ; ಎಲ್ಲಿ ನಗಬಾರದೆಂದು ಕಲಿಸಲಿಲ್ಲ. ಇದೇ ನನ್ನ ದೂರು.

ಪದವಿ ಮುಗಿಸಿ ನಿಮ್ಮಲ್ಲಿಗೆ ಬಂದಾಗ ಅವಳು ಮಾತು ಕಡಿಮೆಯ ಹುಡುಗಿ. ‘ಈ ಮುಖಕ್ಕೆ ಕೆಲಸ ಯಾರು ಕೊಡುತ್ತಾರೆ?’ ಎಂದರಂತೆ ನಿಮ್ಮ ತರಬೇತುದಾರರು. ಅಂದಿನಿಂದ ಕನ್ನಡಿಯೆದುರು ಅಭ್ಯಾಸ. “ಅಮ್ಮಾ, ಹಲ್ಲು ಇಷ್ಟು ಕಂಡ್ರೆ ಸಾಕಾ?” “ಸಾಕು ಬಿಡೇ, ದವಡೆ ನೋಯುತ್ತೆ.” ಆಸ್ಪತ್ರೆಯ ಸ್ವಾಗತ ಕೌಂಟರಿನಲ್ಲಿ ಕೆಲಸ ಸಿಕ್ಕಾಗ ನಿಮ್ಮನ್ನೇ ಹೊಗಳಿದೆವು.

ಮೊದಲ ವಾರವೇ, ತುರ್ತು ಚಿಕಿತ್ಸಾ ಘಟಕದಿಂದ ಒಬ್ಬರು ಇಳಿದು ಬಂದರು. ಹೆಂಡತಿ ಆಗಷ್ಟೇ ತೀರಿಕೊಂಡಿದ್ದರು. ಘಟಕದ ಹೊರಗೆ ಬಿಟ್ಟಿದ್ದ ಆಕೆಯ ಚಪ್ಪಲಿ ಎಲ್ಲಿ ಎಂದು ಕೇಳಲು ಬಂದಿದ್ದರು. ಮಗಳಿಗೆ ಅದೇನು ಗೊತ್ತು? ಕಲಿತಂತೆ ಕಣ್ಣಲ್ಲಿ ಕಣ್ಣಿಟ್ಟು, ಹಲ್ಲು ಬಿಟ್ಟು, “ಶುಭೋದಯ ಸರ್, ಹೇಗೆ ಸಹಾಯ ಮಾಡಲಿ?” ಎಂದಳು.

“ಏನಮ್ಮಾ, ನನ್ನ ನೋಡಿದ್ರೆ ನಗು ಬರುತ್ತಾ?”

“ಕೂಗಾಡಿದ್ರೆ ತಡ್ಕೋತಿದ್ದೆ ಅಮ್ಮಾ. ಮೆತ್ತಗೆ ಕೇಳಿದ್ರು,” ಎಂದು ಮನೆಗೆ ಬಂದು ಅತ್ತಳು. ಗಾಬರಿಯಲ್ಲಿ ಆ ನಗು ಮುಖದಿಂದ ಇಳಿಯಲೇ ಇಲ್ಲವಂತೆ. ಹೊರಟುಹೋದ ಅವರ ಹಿಂದೆ ಓಡಿಹೋಗಿ ಕ್ಷಮೆ ಕೇಳಲು ಎದ್ದರೆ, “ಕೌಂಟರ್ ಬಿಟ್ಟು ಏಳ್ಬೇಡ” ಎಂದರಂತೆ ಮೇಲ್ವಿಚಾರಕರು.

ತೀರಿಕೊಂಡವರ ಕಡೆಯವರು ದೂರು ಕೊಟ್ಟರು. ಆಸ್ಪತ್ರೆ ಏನು ಮಾಡಿತು ಗೊತ್ತೇ? ‘ಮೃದು ಕೌಶಲದ ಕೊರತೆ’, ಅಂದರೆ ಜನರೊಡನೆ ನಯವಾಗಿ ನಡೆದುಕೊಳ್ಳಲು ಬಾರದು, ಎಂದು ಅವಳನ್ನು ಮರಳಿ ನಿಮ್ಮಲ್ಲಿಗೇ ಕಳಿಸಿತು! ನಡೆದದ್ದನ್ನೆಲ್ಲ ಕೇಳಿದ ನಿಮ್ಮ ತರಬೇತುದಾರರ ತೀರ್ಪು: “ನಗು ಇನ್ನೂ ಸಹಜವಾಗಿ ಬರಬೇಕಿತ್ತು.” ಎಂಥ ಒಳನೋಟ!

ನಿಮ್ಮನ್ನು ಕಾಣಲು ನಾನೇ ಬಂದೆ. ಬಾಗಿಲ ಬಳಿಯ ಹುಡುಗಿ, “ಸಾಹೇಬರು ಮೀಟಿಂಗಲ್ಲಿದಾರೆ” ಎಂದು ನಕ್ಕಳು. “ನೀನೂ ಇಲ್ಲೇ ಕಲಿತದ್ದಾ ಮಗಳೇ?” ಎಂದೆ. ಮತ್ತೆ ನಕ್ಕಳು. ಅವಳ ಮೇಲೆ ಹೇಗೆ ಸಿಟ್ಟಾಗಲಿ?

ನಿಮ್ಮ ತರಬೇತಿಗೆ ಮತ್ತೆ ಹೋಗಬೇಡ ಎನ್ನಲು ನನಗೆ ಧೈರ್ಯವಿಲ್ಲ, ಕೆಲಸ ಹೋಗುತ್ತದೆ. ಹೋಗು ಎನ್ನಲು ಬಾಯಿ ಬರುವುದಿಲ್ಲ. ಅವಳೇ ತಲೆ ಬಾಚಿಕೊಂಡು ಬಸ್ಸಿಗೆ ಹೊರಡುತ್ತಾಳೆ. ನಾನು ಬಾಗಿಲಲ್ಲಿ ನಿಂತಿರುತ್ತೇನೆ, ಅಷ್ಟೇ.

ನನ್ನ ಬೇಡಿಕೆ ಒಂದೇ. ಎದುರು ನಿಂತವರ ಮುಖ ನೋಡಿ, ಆಮೇಲೆ ಬಾಯಿ ತೆರೆಯುವುದನ್ನು ಈ ಮಕ್ಕಳಿಗೆ ಕಲಿಸಿ. ಅದನ್ನು ಬಲ್ಲವರು ನಿಮ್ಮಲ್ಲಿ ಯಾರೂ ಇಲ್ಲವಾದರೆ, ಹಾಗೆಂದು ಬೋರ್ಡು ಹಾಕಿ. ಮನೆಯಲ್ಲಿ ನಾವೇ ತಿಳಿದಷ್ಟು ಹೇಳಿಕೊಡುತ್ತೇವೆ.

ಇಂತಿ,
ನಿಮ್ಮಲ್ಲಿ ಎರಡನೇ ಬಾರಿ ನಗು ಕಲಿಯುತ್ತಿರುವವಳ ತಾಯಿ